ಪ್ರೈಮರ್ ಚಪ್ಪಟೆಯಾಗಿಲ್ಲ ಅಂದ್ರೆ ಒತ್ತಡ ಸರಿಯಿದೆ ಅಂತಾನಾ?

ನೀವು ಕೇಳಿದ್ದು ಇಷ್ಟು: ಟೆಕ್ಸಸ್‌ನಲ್ಲಿದ್ದೀರಿ, .308 ವಿಂಚೆಸ್ಟರ್ ರೈಫಲ್‌ಗೆ ಮನೆಯಲ್ಲೇ ಕಾಡತೂಸು ತುಂಬುತ್ತೀರಿ, ರೀಲೋಡಿಂಗ್ ಪುಸ್ತಕದಲ್ಲಿರುವ ಗರಿಷ್ಠ ಲೋಡ್ (ತುಂಬಬಹುದಾದ ಪೌಡರಿನ, ಅಂದರೆ ಮದ್ದಿನ, ಮಿತಿ) ಮುಟ್ಟಿದ್ದೀರಿ. ಹಾರಿಸಿದ ಮೇಲೂ ಪ್ರೈಮರಿನ (ಕಾಡತೂಸಿನ ಬುಡದಲ್ಲಿದ್ದು ಪೌಡರಿಗೆ ಕಿಡಿ ಹಚ್ಚುವ ಪುಟ್ಟ ಲೋಹದ ಬಟ್ಟಲು) ಅಂಚು ದುಂಡಗೇ ಇದೆ, ಚಪ್ಪಟೆಯಾಗಿಲ್ಲ. ಇನ್ನೊಂದು ಗ್ರೇನ್ (ಪೌಡರ್ ತೂಗುವ ಚಿಕ್ಕ ಅಳತೆ) ಪೌಡರ್ ಏರಿಸಬಹುದಾ?

ಬೇಡ. ಸುಮ್ನೆ ಹೆದರಿಸ್ತಿಲ್ಲ, ನಾನೂ ಮೊದಲ ವರ್ಷ ಪ್ರೈಮರ್ ಮುಖ ನೋಡಿಯೇ ಭವಿಷ್ಯ ಹೇಳ್ತಿದ್ದವನು.

ಪ್ರೈಮರ್ ಒತ್ತಡ ಅಳೆಯೋ ಮೀಟರ್ ಅಲ್ಲ. ಒಂದು ಬ್ರ್ಯಾಂಡಿನ ಬಟ್ಟಲು ಗಟ್ಟಿ, ಇನ್ನೊಂದರದ್ದು ಮೆತ್ತಗೆ. ಹಾರಿಸಿದ ಕೇಸನ್ನು (ಕಾಡತೂಸಿನ ಹಿತ್ತಾಳೆಯ ಕೋಶ) ಮತ್ತೆ ಅಳತೆಗೆ ತರುವ ಅಚ್ಚು, ಸೈಜಿಂಗ್ ಡೈ, ಅದರ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರು) ಜಾಸ್ತಿ ಹಿಂದಕ್ಕೆ ತಳ್ಳಿದ್ದರೆ ಹಗುರ ಲೋಡಿನಲ್ಲೂ ಪ್ರೈಮರ್ ಚಪ್ಪಟೆಯಾಗುತ್ತದೆ. ಗಟ್ಟಿ ಪ್ರೈಮರ್ ಆದರೆ ಮಿತಿ ದಾಟಿದ ಮೇಲೂ ಏನೂ ಆಗದವರ ಹಾಗೆ ಕೂತಿರುತ್ತದೆ.

.308ಕ್ಕೆ ಸಾಮಿ (SAAMI, ಅಮೆರಿಕದ ಬಂದೂಕು-ಮದ್ದುಗುಂಡು ತಯಾರಕರ ಮಾನದಂಡ ಸಂಸ್ಥೆ) ಇಟ್ಟಿರುವ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಕಾರಿನ ಟೈರಿನಲ್ಲಿರೋದು ಸುಮಾರು 32, ಲೆಕ್ಕ ಹಾಕಿ ನೋಡಿ. ಕೇಸಿನ ಹಿತ್ತಾಳೆ ಗುರುತು ತೋರಿಸಲು ಶುರು ಮಾಡುವ ಹೊತ್ತಿಗೆ, ಹೆಚ್ಚಿನ ಸಂದರ್ಭಗಳಲ್ಲಿ, ನೀವು ಆಗಲೇ ಈ ಮಿತಿ ದಾಟಿ ಆಗಿರುತ್ತದೆ.

ನನಗೆ ಆದದ್ದು ಹೇಳ್ತೀನಿ. ರೇಂಜಿನಲ್ಲಿ ಬಿದ್ದಿದ್ದ ಮಿಲಿಟರಿ ಕೇಸುಗಳನ್ನು ಆಯ್ದು ತಂದಿದ್ದೆ. ಮಾಮೂಲಿ ಕೇಸಿನಲ್ಲಿ ಚೆನ್ನಾಗಿ ನಡೆದಿದ್ದ ಲೋಡನ್ನೇ ಇವಕ್ಕೂ ತುಂಬಿದೆ. ಹೊರಗಿನ ಅಳತೆ ಒಂದೇ, ಆದರೆ ಮಿಲಿಟರಿ ಕೇಸಿನ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಅಷ್ಟೇ ಪೌಡರಿಗೆ ಒತ್ತಡ ಏರುತ್ತದೆ. ಅವತ್ತು ಪಕ್ಕದ ಬೆಂಚಿನವರ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಸೆಕೆಂಡಿಗೆ 2,640 ಅಡಿ ತೋರಿಸಿತು. ಪುಕ್ಕಟೆ ವೇಗ ಸಿಕ್ತು ಅಂತ ಖುಷಿಪಟ್ಟೆ! ಪುಸ್ತಕದ ಗರಿಷ್ಠ 2,650 ಇತ್ತು, ಆದರೆ 24 ಇಂಚಿನ ಬ್ಯಾರಲಿಗೆ. ನನ್ನದು 20 ಇಂಚು. ಇಂಚಿಗೆ 20-25 ಅಡಿ ಕಳೆದರೆ 2,560ರ ಆಸುಪಾಸು ಬರಬೇಕಿತ್ತು. ಮೂರನೇ ಗುಂಡಿಗೆ ಬೋಲ್ಟ್ (ಕೇಸನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ) ಮೇಲೇಳಲಿಲ್ಲ. ಅಂಗೈಯಲ್ಲಿ ಗುದ್ದಿ ತೆಗೆದೆ. ಕೇಸಿನ ಬುಡದಲ್ಲಿ, ಅಕ್ಷರಗಳ ಮೇಲೆ, ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಕಡ್ಡಿ) ರಂಧ್ರದ ಗಾತ್ರದ ಹೊಳೆಯುವ ಒಂದು ವೃತ್ತ. ಹಿತ್ತಾಳೆ ಆ ತೂತಿನೊಳಕ್ಕೆ ಹರಿದಿತ್ತು. ಪ್ರೈಮರ್ ಮಾತ್ರ ದುಂಡಗೇ ಇತ್ತು, ನಿಮ್ಮದರ ಹಾಗೇ.

ಆಮೇಲೆ ನಾನು ಮೊದಲು ನಂಬೋದು ವೇಗವನ್ನು. ಪುಕ್ಕಟೆ ವೇಗ ಅಂತ ಇಲ್ಲ ಸ್ವಾಮಿ. ಬ್ಯಾರಲ್ ಉದ್ದ ಸರಿದೂಗಿಸಿ ನೋಡಿದಾಗ ಪುಸ್ತಕದ ಗರಿಷ್ಠ ವೇಗ ಬಂತು ಅಂದರೆ ಗರಿಷ್ಠ ಒತ್ತಡವೂ ಬಂದಿದೆ, ಪೌಡರ್ ಎಷ್ಟೇ ಗ್ರೇನ್ ಇರಲಿ. ಹಾಗಂತ ವೇಗ ಕಡಿಮೆ ಬಂತು, ಪುಸ್ತಕದ ಗ್ರೇನ್ ಲೆಕ್ಕ ದಾಟೋಣ ಅಂತಲೂ ಹೊರಡಬೇಡಿ. ಎರಡರಲ್ಲಿ ಯಾವುದು ಮೊದಲು ಸಿಕ್ಕಿದರೆ ಅಲ್ಲಿಗೆ ನಿಲ್ಲಿಸೋದು. ಬೋಲ್ಟ್ ಬಿಗಿ, ಬುಡದಲ್ಲಿ ಹೊಳಪು, ಮನೆಯಲ್ಲಿ ಹೊಸ ಪ್ರೈಮರ್ ಒತ್ತುವಾಗ ಸಲೀಸಾಗಿ ಜಾರಿ ಕೂರೋದು (ಅದರ ಗುಂಡಿ ಹಿಗ್ಗಿದೆ ಅಂತ), ಇದರಲ್ಲಿ ಒಂದು ಕಂಡರೂ ಆ ಲೋಡಿನ ಶೂಟಿಂಗ್ ಅಲ್ಲಿಗೆ ಮುಗೀತು. ಉಳಿದ ಕಾಡತೂಸುಗಳ ಬುಲೆಟ್ ಕಿತ್ತು ಪೌಡರ್ ಹೊರಗೆ ಸುರಿಯಿರಿ. ಬೇಜಾರಿನ ಕೆಲಸ, ನಾನು ಒಂದು ಸಂಜೆ ಪೂರ್ತಿ 40 ಕಿತ್ತಿದ್ದೇನೆ.

ಕೇಸ್, ಪ್ರೈಮರ್, ಬುಲೆಟ್ ಯಾವುದನ್ನು ಬದಲಿಸಿದರೂ ಗರಿಷ್ಠಕ್ಕಿಂತ 10% ಕೆಳಗಿನಿಂದ ಮತ್ತೆ ಶುರು ಮಾಡಿ. ಪೌಡರ್ ಬದಲಿಸಿದರೆ ಅದರದ್ದೇ ಪುಟ ತೆಗೆದು ಅಲ್ಲಿನ ಆರಂಭದ ಲೋಡಿನಿಂದ. ಇನ್ನೊಂದು, ನೀವಿರೋದು ಟೆಕ್ಸಸ್. ಜನವರಿಯಲ್ಲಿ ಸರಿಯಿದ್ದ ಲೋಡ್ ಆಗಸ್ಟ್ ಬಿಸಿಲಿನಲ್ಲಿ ಕಾರಿನೊಳಗೆ ಕಾದ ಮೇಲೆ ಬೇರೆಯೇ ಲೋಡ್, ಬಿಸಿ ಪೌಡರಿಗೆ ಒತ್ತಡ ಏರುತ್ತದೆ. ಡಬ್ಬಿ ನೆರಳಲ್ಲಿಡಿ.

ಸದ್ಯಕ್ಕೆ ಈಗಿರುವ ಲೋಡನ್ನೂ ಹಾರಿಸಬೇಡಿ, ಸ್ವಲ್ಪ ಕೆಳಗಿಳಿಸಿ. ಕ್ರೋನೋಗ್ರಾಫಿನಲ್ಲಿ ಅಳೆದು, ಪೌಡರ್ ಹೆಸರು, ಬುಲೆಟ್ ತೂಕ, ಯಾವ ಕೇಸ್, ಬ್ಯಾರಲ್ ಉದ್ದ ಎಲ್ಲಾ ಬರೆದು ಹಾಕಿ, ನೋಡೋಣ.