ಕಿರೀಟ ತೊಟ್ಟವರು ಶಾಲೆಗೆ ಬಂದರೆ ಮಕ್ಕಳ ಊಟ ಬದಲಾಗುತ್ತದೆಯೇ?

ರಾಜ್ಯಮಟ್ಟದ ಸೌಂದರ್ಯ ಸ್ಪರ್ಧೆಯೊಂದರಲ್ಲಿ ಗೆದ್ದಿರುವ ನೀವು, ಈ ವರ್ಷ ಬೆಂಗಳೂರಿನ ಶಾಲೆಗಳಿಗೆ ಹೋಗಿ ಒಳ್ಳೆಯ ಆಹಾರ ಮತ್ತು ಅಭ್ಯಾಸಗಳ ಬಗ್ಗೆ ಮಕ್ಕಳೊಂದಿಗೆ ಮಾತನಾಡಬೇಕೆಂದಿದ್ದೀರಿ. ಅದರಿಂದ ನಿಜವಾಗಿ ಉಪಯೋಗವಿದೆಯೇ, ಇದ್ದರೆ ಏನು ಹೇಳಬೇಕು ಎಂದು ಕೇಳಿದ್ದೀರಿ. ನಾನು ಇಲ್ಲಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಆರೋಗ್ಯ ಸಂಘದ ಹೊಣೆಯೂ ನನ್ನ ಹೆಗಲಿಗೇ ಬಿದ್ದಿರುವುದರಿಂದ ನಿಮ್ಮಂಥ ಅತಿಥಿಗಳನ್ನು ಎರಡು ಸಲ ಬರಮಾಡಿಕೊಂಡಿದ್ದೇನೆ. ಮೊದಲನೆಯದು ಕೆಟ್ಟಿತು, ಎರಡನೆಯದು ಫಲಿಸಿತು. ಆ ಎರಡರ ನಡುವಿನ ವ್ಯತ್ಯಾಸವೇ ನನ್ನ ಉತ್ತರ.

ಮೊದಲು ಬಂದವರು ಕಿರೀಟ, ಪಟ್ಟಿ ಎಲ್ಲವನ್ನೂ ಧರಿಸಿಯೇ ಬಂದಿದ್ದರು. ಮಕ್ಕಳು ಕುಣಿದಾಡಿದರು, ವರ್ಷವಿಡೀ ನಾನು ಗಂಟಲು ಹರಿದುಕೊಂಡರೂ ಸಿಗದ ಗಮನ ಅವರಿಗೆ ಒಂದು ನಗೆಗೆ ಸಿಕ್ಕಿತು ಎಂಬುದನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಆ ಗಮನವನ್ನೆಲ್ಲ ಅವರು ತಮ್ಮ ದಿನಚರಿ ಹೇಳುವುದಕ್ಕೆ ಖರ್ಚು ಮಾಡಿದರು: ಬೆಳಿಗ್ಗೆ ನಿಂಬೆರಸದ ಬಿಸಿನೀರು, ಅನ್ನ ಮುಟ್ಟುವುದಿಲ್ಲ, ಸಂಜೆ ಏಳರ ಮೇಲೆ ಏನನ್ನೂ ತಿನ್ನುವುದಿಲ್ಲ. ಕೊನೆಯಲ್ಲಿ ಕಾರ್ಯಕ್ರಮದ ಪ್ರಾಯೋಜಕರ ಕಡೆಯವರು ಪ್ರತಿ ಮಗುವಿಗೂ ಒಂದೊಂದು ಸಿಹಿ ಪಾನೀಯದ ಪೊಟ್ಟಣ ಹಂಚಿ, ಫೋಟೊ ತೆಗೆಸಿಕೊಂಡು ಹೋದರು. ಮುಂದಿನ ವಾರ ಒಂಬತ್ತನೆಯ ತರಗತಿಯ ಮೂವರು ಹುಡುಗಿಯರ ಊಟದ ಡಬ್ಬಿಗಳು ತುಂಬಿದ್ದಂತೆಯೇ ಮನೆಗೆ ವಾಪಸಾದವು. ಅವರಲ್ಲೊಬ್ಬಳು ಪ್ರಾರ್ಥನೆಯ ಸಾಲಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದು ಕುಳಿತಳು.

ಇದು ಆ ಅತಿಥಿಯ ದುರುದ್ದೇಶವಲ್ಲ. ಸೌಂದರ್ಯಕ್ಕಾಗಿ ಬಹುಮಾನ ಪಡೆದವರು ‘ಚೆನ್ನಾಗಿ ತಿನ್ನಿ’ ಎಂದರೆ ಹದಿನಾಲ್ಕರ ಹುಡುಗಿಗೆ ಅದು ‘ಕಡಿಮೆ ತಿನ್ನಿ, ನನ್ನಂತಾಗುತ್ತೀರಿ’ ಎಂದೇ ಕೇಳಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥವರ ಮುಂದೆ ಊಟ ಬಿಡುವುದನ್ನು ಶಿಸ್ತಿನಂತೆ ವರ್ಣಿಸುವುದು ಅಪಾಯಕಾರಿ. ಆದ್ದರಿಂದ ನಿಮ್ಮ ತೂಕ, ಸೊಂಟದ ಅಳತೆ, ಸ್ಪರ್ಧೆಯ ತಯಾರಿಗಾಗಿ ನೀವು ಅನುಸರಿಸಿದ ಪಥ್ಯ, ಈ ಯಾವುದನ್ನೂ ಮಕ್ಕಳ ಮುಂದೆ ದಯವಿಟ್ಟು ಎತ್ತಬೇಡಿ. ಅವರು ಕೇಳಿಯೇ ಕೇಳುತ್ತಾರೆ, ಆಗ ನಯವಾಗಿ ಮಾತು ತಿರುಗಿಸಿ.

ಎರಡನೆಯ ಸಲ ಬಂದವರು ಹತ್ತಿಯ ಚೂಡಿದಾರದಲ್ಲಿದ್ದರು, ಕಿರೀಟ ಚೀಲದಲ್ಲಿತ್ತು. ತಮ್ಮನ್ನು ‘ಅಕ್ಕ’ ಎಂದು ಕರೆಯುವಂತೆ ಹೇಳಿ, ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕೇಳಲು ಕೊಟ್ಟರು. ಹದಿನೆಂಟು ವರ್ಷ ಪಾಠ ಮಾಡಿದ ನನಗೆ ಒಮ್ಮೆಯೂ ಬಾರದ ಪ್ರಶ್ನೆಗಳು ಆ ಚೀಟಿಗಳಲ್ಲಿದ್ದವು. ಮುಟ್ಟಿನ ದಿನಗಳಲ್ಲಿ ಮೊಟ್ಟೆ ತಿನ್ನಬಹುದೇ? ಜಿಮ್‌ನ ಅಣ್ಣ ಕೊಡುವ ಪ್ರೋಟೀನ್ ಪುಡಿ ಒಳ್ಳೆಯದೇ? ಎಲ್ಲಕ್ಕಿಂತ ಹೆಚ್ಚು ಚೀಟಿಗಳಲ್ಲಿ, ಬೇರೆ ಬೇರೆ ಅಕ್ಷರಗಳಲ್ಲಿ, ಇದ್ದದ್ದು ಒಂದೇ ಪ್ರಶ್ನೆ: ರಾಗಿ ಮುದ್ದೆ ತಿಂದರೆ ಕಪ್ಪಾಗುತ್ತೇವೆಯೇ?

ಅವರು ನಕ್ಕು ತಳ್ಳಿಹಾಕಲಿಲ್ಲ. ತಮ್ಮ ಅಜ್ಜಿ ಜೀವಮಾನವಿಡೀ ದಿನಕ್ಕೆರಡು ಹೊತ್ತು ಮುದ್ದೆ ಉಂಡವರೆಂದೂ, ಅಜ್ಜಿಯ ಮೈಬಣ್ಣ ಅಜ್ಜಿಯ ತಾಯಿಯಿಂದ ಬಂದದ್ದೆಂದೂ, ತಮ್ಮ ಬಣ್ಣವೂ ಹಾಗೆಯೇ ಬಂದದ್ದೆಂದೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಲೆಕ್ಕ ಹೇಳಲು ಬಿಟ್ಟುಕೊಟ್ಟರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120 ಎಂದು ನಾನು ಹಲಗೆಯ ಮೇಲೆ ಬರೆದೆ. ಇದೇ ಅಂಕಿಗಳನ್ನು ಹಿಂದೆಯೂ ಬರೆದಿದ್ದೆ, ಯಾರೂ ತಲೆ ಎತ್ತಿ ನೋಡಿರಲಿಲ್ಲ. ಅತಿಥಿ ಭಯವನ್ನು ಬಿಡಿಸಿ, ಶಿಕ್ಷಕರು ವಿಷಯವನ್ನು ತುಂಬುವ ಈ ಜೋಡಿ ಕೆಲಸ ನಿಮ್ಮ ಭೇಟಿಯಲ್ಲೂ ನಡೆಯಲಿ; ಎಲ್ಲವನ್ನೂ ನೀವೇ ಹೇಳುವ ಅಗತ್ಯವಿಲ್ಲ, ನೀವು ಆಹಾರತಜ್ಞೆಯೂ ಅಲ್ಲ.

ಇನ್ನು ನೀಲಿ ಮಾತ್ರೆಯ ಸಂಗತಿ. ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ಈ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಕ್ಕಳು ಹೆದರಿ ಗುಟ್ಟಾಗಿ ಎಸೆಯುತ್ತಾರೆ. ನಮ್ಮಲ್ಲಿ ಎಸೆಯುವ ಜಾಗ ಮೆಟ್ಟಿಲ ಬಳಿಯ ಹೂಕುಂಡ. ಪಿಯುಸಿ ಓದುವಾಗ ತಮಗೂ ಹಿಮೋಗ್ಲೋಬಿನ್ ಕಡಿಮೆಯಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಯಿತು ಎಂದು ಆ ಎರಡನೆಯ ಅತಿಥಿ ಹೇಳಿದಾಗ ಸಭಾಂಗಣದಲ್ಲಿ ಪಿಸುಮಾತೂ ಇರಲಿಲ್ಲ. ಊಟದ ನಂತರ ನುಂಗಬೇಕು, ಜೊತೆಗೆ ಕಾಫಿ–ಚಹಾ ಬೇಡ, ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದನ್ನು ನಾನು ಸೇರಿಸಿದೆ. ಮುಂದಿನ ಕೆಲವು ವಾರ ಹೂಕುಂಡದಲ್ಲಿ ಸಿಗುವ ಮಾತ್ರೆಗಳು ಬೆರಳೆಣಿಕೆಗೆ ಇಳಿದವು. ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಏರಿದವು ಎಂಬುದನ್ನೂ ಮುಚ್ಚಿಡುವುದಿಲ್ಲ.

ಸಕ್ಕರೆಯ ಬಗ್ಗೆ ಹೇಳುವುದಾದರೆ ಭಾಷಣ ಬೇಡ, ಒಂದು ಲೋಟ ಮತ್ತು ಚಮಚ ಸಾಕು. ಮುನ್ನೂರು ಮಿಲಿಲೀಟರ್ ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ಅದನ್ನು ಮಕ್ಕಳ ಕೈಯಲ್ಲೇ ಚಮಚ ಚಮಚವಾಗಿ ಲೋಟಕ್ಕೆ ಸುರಿಸಿ. ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್‌ವರೆಗೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನೀವು ಬಂದ ದಿನ ಮುಖ್ಯೋಪಾಧ್ಯಾಯರನ್ನು ಕರೆದುಕೊಂಡು ಆ 50 ಮೀಟರ್ ನಡೆದು ನೋಡಿದರೆ, ವೇದಿಕೆಯ ಮೇಲಿನ ಅರ್ಧ ಗಂಟೆಗಿಂತ ಹೆಚ್ಚಿನ ಕೆಲಸವಾದೀತು. ಹಾಗೆಂದು ತಳ್ಳುಗಾಡಿಯವರನ್ನೆಲ್ಲ ಖಳರನ್ನಾಗಿ ಮಾಡಬೇಡಿ. ಉಪ್ಪು–ಖಾರ ಹಚ್ಚಿದ ಸೀಬೆಹಣ್ಣು, ಬೇಯಿಸಿದ ಕಡಲೆಕಾಯಿ ಮಾರುವ ಅಜ್ಜಿ ನಮ್ಮ ಗೇಟಿನ ಮುಂದಿದ್ದಾರೆ, ಅವರಿಂದ ನಾನೂ ಕೊಳ್ಳುತ್ತೇನೆ. ಹುಡುಗರಿಗಾದರೆ ತಂಬಾಕಿನ ಮಾತು ಬೇಕೇ ಬೇಕು: ಇ-ಸಿಗರೇಟನ್ನು ದೇಶದಾದ್ಯಂತ 2019ರಲ್ಲೇ ನಿಷೇಧಿಸಲಾಗಿದೆ ಎಂಬುದು ಹತ್ತನೆಯ ತರಗತಿಯ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ವಿರೋಧಕ್ಕೂ ಸಿದ್ಧರಾಗಿ ಬನ್ನಿ. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಈ ಊರು ಎಷ್ಟು ಕಾವೇರಿತ್ತೆಂದರೆ ಈಜುಡುಗೆಯ ಸುತ್ತನ್ನು ಸೇಶೆಲ್ಸ್‌ಗೆ ಒಯ್ಯಬೇಕಾಯಿತು. ಸೌಂದರ್ಯ ಸ್ಪರ್ಧೆ ಬೇಕೇ ಬೇಡವೇ ಎಂಬ ಆ ವಾದ ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೂ ಮುಗಿದಿಲ್ಲ. ಆ ಸ್ಪರ್ಧೆಯವರು 1972ರಿಂದಲೇ ಸಮಾಜಸೇವೆಯನ್ನು ಅದರ ಜೊತೆ ಕಟ್ಟಿದ್ದಾರೆ, ಮಿಸ್ ಅಮೆರಿಕ ಸ್ಪರ್ಧಿಗಳಿಗೆ 1989ರಿಂದ ಒಂದು ಸಾಮಾಜಿಕ ವಿಷಯವನ್ನು ಆರಿಸಿಕೊಳ್ಳುವುದು ಕಡ್ಡಾಯವಾಯಿತು. ಹೀಗೆ ಶಾಲೆಯ ಭೇಟಿ ಪದವಿಗೆ ಅಂಟಿದ ಕರ್ತವ್ಯವಾಗಿರುವುದರಿಂದಲೇ, ಇವರು ಫೋಟೊಗಾಗಿ ಬಂದವರೇ ಎಂದು ಮಕ್ಕಳು ಐದು ನಿಮಿಷದಲ್ಲಿ ಕಂಡುಹಿಡಿದುಬಿಡುತ್ತಾರೆ.

ಆದ್ದರಿಂದ ಇಪ್ಪತ್ತು ಶಾಲೆಗಳಿಗೆ ಒಂದೊಂದು ಸಲ ಹೋಗುವ ಬದಲು ಐದು ಶಾಲೆಗಳನ್ನು ಆರಿಸಿಕೊಂಡು, ಎರಡು ತಿಂಗಳ ನಂತರ ಅಲ್ಲಿಗೆ ಮತ್ತೊಮ್ಮೆ ಹೋಗಿ. ನಮ್ಮ ಹೂಕುಂಡದ ಲೆಕ್ಕ ಕಲಿಸಿದ್ದು ಇದನ್ನೇ. ಚೀಟಿಗಳನ್ನು ಒಂದು ವಾರ ಮೊದಲೇ ತರಿಸಿಕೊಂಡು, ಉತ್ತರ ತಿಳಿಯದ್ದನ್ನು ವೈದ್ಯರ ಬಳಿ ಕೇಳಿಟ್ಟುಕೊಳ್ಳಿ. ಪ್ರಾಯೋಜಕರು ಏನನ್ನಾದರೂ ಹಂಚುವುದಾದರೆ ಅದರ ಪೊಟ್ಟಣದ ಹಿಂಬದಿಯನ್ನು ನೀವೇ ಮೊದಲು ಓದಿ. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ. ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ, ಯಾರೂ ಒಳಗೆ ಬಿಡುವುದಿಲ್ಲ. ಜುಲೈ ಒಳ್ಳೆಯ ತಿಂಗಳು, ಬೆಳಗಿನ ಎರಡನೆಯ ಪೀರಿಯಡ್ ಇನ್ನೂ ಒಳ್ಳೆಯದು, ಏಕೆಂದರೆ ಊಟದ ನಂತರವಾದರೆ ಅರ್ಧ ತರಗತಿ ತೂಕಡಿಸುತ್ತಿರುತ್ತದೆ.