ಕಿರೀಟ ಇಳಿಸಿಟ್ಟ ಮೇಲೆ

"ಕಳೆದ ಸಂಚಿಕೆಯಲ್ಲಿ ಸ್ವರೂಪ್ ಸಂಪತ್ ಅವರ ಶಿಕ್ಷಣ ಸೇವೆಗೆ ಎರಡು ಪುಟ ಕೊಟ್ಟಿದ್ದೀರಿ. ಅವರು ಮಿಸ್ ಇಂಡಿಯಾ ಆಗಿರದಿದ್ದರೆ ಕೊಡುತ್ತಿದ್ದಿರೇ? ಜೊಯಿಡಾದ ಕಾಡಿನಲ್ಲಿ ಜೀವಮಾನವಿಡೀ ಪಾಠ ಹೇಳಿದವರು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?"
– ನಿವೃತ್ತ ಶಿಕ್ಷಕಿ, ಕೋಡಿಬಾಗ, ಕಾರವಾರ

ಅಕ್ಕೋರೇ, ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಸೌಂದರ್ಯ ಸ್ಪರ್ಧೆಗಳ ಮೇಲಿನ ಸಿಟ್ಟೂ ಅರ್ಥವಾಗುತ್ತದೆ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆದಾಗ ಪ್ರತಿಭಟನೆಯ ಬಿಸಿಗೆ ಈಜುಡುಗೆಯ ಸುತ್ತು ಸೀಶೆಲ್ಸ್‌ಗೆ ಹೋಗಬೇಕಾಯಿತು. ಆ ವಿರೋಧ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ "ಚೆಲುವೆಗೇನು ಗೊತ್ತು ಪಾಠ" ಎಂಬ ಧಾಟಿ ನಿಮ್ಮ ಪತ್ರದುದ್ದಕ್ಕೂ ಇದೆ. ಜೀವನಪೂರ್ತಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನಿಮ್ಮಿಂದ ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಸ್ವರೂಪ್ ಸಂಪತ್ 1979ರಲ್ಲಿ ಮಿಸ್ ಇಂಡಿಯಾ ಆದರು, ನಟಿಸಿದರು, ಹೆಸರು ಮಾಡಿದರು. ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲದೆ ಇಂಗ್ಲೆಂಡಿನ ವೂಸ್ಟರ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ವಿಷಯ, ಕಲಿಕೆಯ ತೊಂದರೆಯಿರುವ ಮಕ್ಕಳಿಗೆ ನಾಟಕದ ಮೂಲಕ ಬದುಕಿನ ಕೌಶಲ ಕಲಿಸುವುದು. ಗುಜರಾತಿನ ಲವಾಡ್ ಗ್ರಾಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದರು. 2019ರ ಜಾಗತಿಕ ಶಿಕ್ಷಕ ಪ್ರಶಸ್ತಿಯ ಕೊನೆಯ ಹತ್ತು ಮಂದಿಯಲ್ಲಿ ಒಬ್ಬರಾದರು. ತಮಗೆ ಬರುತ್ತಿದ್ದ ವಿದ್ಯೆಯನ್ನೇ ತರಗತಿಯೊಳಗೆ ತಂದರು. ನಾನು ಮೆಚ್ಚಿದ್ದು ಅದನ್ನು.

ಆ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇ? ಹೊನ್ನಾವರದ ಕಡೆಯ ಶಾಲೆಯೊಂದರಲ್ಲಿ ಒಬ್ಬ ಹುಡುಗನನ್ನು ಕಂಡಿದ್ದೆ. ಪಾಠ ಓದು ಎಂದರೆ ಪುಸ್ತಕದಲ್ಲಿ ಮುಖ ಹುದುಗಿಸಿ ನಿಂತುಬಿಡುತ್ತಿದ್ದ. ಅದೇ ಹುಡುಗ ಶಾಲೆಯ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಆಡುವ ಯಕ್ಷಗಾನದಲ್ಲಿ, ಅಭಿಮನ್ಯುವಾಗಿ ಕುಳಿತು ದ್ರೋಣನಿಗೆ ಎದುರು ಮಾತಾಡಿದ, ತಡವರಿಸದೆ. ಭಾಗವತರು ಪದ್ಯ ಎತ್ತಿಕೊಂಡ ಮೇಲೂ ಅವನ ಅರ್ಥಗಾರಿಕೆ ಮುಗಿದಿರಲಿಲ್ಲ! ಮರುದಿನ ಅವನಿಗೆ ಓದಲು ಬಂತೆಂದು ಹೇಳುವುದಿಲ್ಲ. ಆದರೆ ಅವನನ್ನು ದಡ್ಡನೆನ್ನುವುದನ್ನು ಮೇಷ್ಟ್ರು ಬಿಟ್ಟರು. ಯಕ್ಷಗಾನದ ಈ ನೆಲದಲ್ಲಿ ಆಟವನ್ನು ದೇವಸ್ಥಾನದ ಬಯಲಲ್ಲಿ ಬಿಟ್ಟು, ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಸಂಕಟವಾಗುತ್ತದೆ.

ಇನ್ನು, ಹೊರಗಿನವರ ಹಣ, ಹೊರಗಿನವರ ಹೆಸರು ಬೇಡವೆಂದಿದ್ದೀರಿ. ಮುಂಬಯಿಯಲ್ಲಿದ್ದುಕೊಂಡೇ ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಶಿರಾಲಿಯಿಂದ ದಾಂಡೇಲಿಯವರೆಗೆ ಜನತಾ ವಿದ್ಯಾಲಯಗಳು ಎದ್ದವು. ಮುಂಬಯಿಯಲ್ಲೇ ಶಸ್ತ್ರವೈದ್ಯರಾಗಿ ಹೆಸರಾದ ಡಾ. ಎ. ವಿ. ಬಾಳಿಗಾ ಅವರ ಹೆಸರನ್ನು ಕುಮಟಾದ ಕಾಲೇಜು ಹೊತ್ತಿದೆ. ಇವರ ಹಳೆಯ ಕಸುಬನ್ನು ಯಾರೂ ಕೆದಕಲಿಲ್ಲ. ಹೆಣ್ಣೊಬ್ಬಳು ಕೊಡಲು ಬಂದಾಗ ಮಾತ್ರ ಅವಳ ಹಳೆಯ ಫೋಟೋ ತೆಗೆದು ನೋಡುತ್ತೇವೆ.

ನಿಮ್ಮ ಸಿಟ್ಟು ತಿರುಗಬೇಕಾದ ದಿಕ್ಕು ಬೇರೆ. ನಮ್ಮ ಕರಾವಳಿಯಿಂದ ಹೋಗಿ ಗಳಿಸಿದವರು ಊರಿಗೆ ಬಂದರೆ ಸ್ವಾಗತ ಕಮಾನು ಕಟ್ಟಿಸುತ್ತಾರೆ, ಬ್ರಹ್ಮಕಲಶೋತ್ಸವಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ. ಶಾಲೆಗೆ ಫ್ಯಾನು ಕೊಟ್ಟರೆ ಮೂರೂ ರೆಕ್ಕೆಗಳ ಮೇಲೆ ತಂದೆ, ತಾಯಿ, ತಮ್ಮ ಹೆಸರು ಬರೆಸುತ್ತಾರೆ. ಶೌಚಾಲಯ ಕಟ್ಟಿಸುವವರು ಸಿಗುತ್ತಾರೆ, ತೊಳೆಯುವವರಿಗೆ ತಿಂಗಳ ಸಂಬಳ ಕೊಡುವವರು ಸಿಗುವುದಿಲ್ಲ. ಗೌರವ ಶಿಕ್ಷಕಿಯ ಸಂಬಳಕ್ಕಾಗಿ ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮನೆಮನೆ ತಿರುಗುತ್ತಾರೆ. ಸಂಬಳದ ಮೇಲೆ ಹೆಸರು ಕೆತ್ತಿಸಲಾಗದು, ಅದಕ್ಕೇ ಯಾರಿಗೂ ಬೇಡ. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿದ ದಿನ ಮಾತ್ರ ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿ ಕಣ್ಣೀರಿಡುತ್ತಾರೆ.

ಜೊಯಿಡಾದ ನಿಮ್ಮ ಸಹೋದ್ಯೋಗಿಗಳ ಬಗ್ಗೆ ನೀವೇ ಬರೆಯಿರಿ ಅಕ್ಕೋರೇ. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆ ಮುಟ್ಟುತ್ತಿದ್ದವರು ಯಾರು, ಅವರ ಕೈಯಲ್ಲಿ ಕಲಿತವರು ಈಗ ಎಲ್ಲಿದ್ದಾರೆ, ಎಲ್ಲವನ್ನೂ ಬರೆಯಿರಿ. ಎರಡು ಪುಟ ಸಾಲದಿದ್ದರೆ ನಾಲ್ಕು ಕೊಡುತ್ತೇನೆ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳುಹಿಸಿದರೆ ಆ ಸಂಚಿಕೆಯಲ್ಲೇ ಹಾಕಬಹುದು.

– ಸಂಪಾದಕ