ಕಪಾಟಿನಲ್ಲಿರುವ ಪಾದರಸ ಯಾರ ಹೊಣೆ?

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದವಾಖಾನೆ ನಡೆಸುವ ವೈದ್ಯರೊಬ್ಬರು ಹೀಗೆ ಬರೆದಿದ್ದಾರೆ: ‘ಪಾದರಸದ ಬಿಪಿ ಯಂತ್ರದಷ್ಟು ನಂಬಬಹುದಾದದ್ದು ಬೇರೊಂದಿಲ್ಲ. ಕಲ್ಲಿದ್ದಲು ಸುಟ್ಟು ಸಿರಿವಂತವಾದ ದೇಶಗಳ ಮಿನಮಾಟಾ ಒಪ್ಪಂದಕ್ಕೆ ನಾವೇಕೆ ತಲೆಬಾಗಬೇಕು? ಕಪಾಟಿನಲ್ಲಿರುವ ನನ್ನ ಹಳೆಯ ಯಂತ್ರಗಳನ್ನು ಏನು ಮಾಡಲಿ?’

ಮಾನ್ಯ ಡಾಕ್ಟರೇ, ಪಟ್ಟಣ ಸೇರದೆ ಹಳ್ಳಿಯಲ್ಲೇ ಉಳಿದ ನಿಮ್ಮ ಮೇಲೆ ನಮಗೆ ಗೌರವವಿದೆ. ಸಿರಿವಂತ ದೇಶಗಳ ಹೊಣೆ ದೊಡ್ಡದೆಂಬುದೂ ನಿಜ. ಪಾದರಸದ ಬಳಕೆ, ಮಾಲಿನ್ಯಗಳನ್ನು ತಗ್ಗಿಸಲು ಜಗತ್ತಿನ ದೇಶಗಳು ಮಾಡಿಕೊಂಡ ಈ ಒಪ್ಪಂದದಲ್ಲಿ ಹಣಕಾಸಿನ ನೆರವಿಗೆ ಜಾಗವಿರುವುದು ಅದಕ್ಕಾಗಿಯೇ. ಆದರೆ ಅವರು ಮೊದಲು ಸರಿಯಾಗಲಿ ಎಂದು ಕಾಯುತ್ತ ಕುಳಿತರೆ ಕೆಡುವುದು ನಮ್ಮ ನೆಲವೇ ಎಂಬುದನ್ನು ತಾವು ಮರೆತಿರಿ. 1980ರ ದಶಕದಲ್ಲಿ ಅಮೆರಿಕದ ಥರ್ಮಾಮೀಟರ್ ಕಾರ್ಖಾನೆಯೊಂದರ ಯಂತ್ರಗಳು ಕೊಡೈಕೆನಾಲ್‌ಗೆ ಬಂದವು. ಒಡೆದ ಗಾಜು ಪಾದರಸದ ಸಮೇತ ಗುಜರಿ ಅಂಗಡಿಗೆ ಹೋದದ್ದು ಬಯಲಾದ ಮೇಲೆ, 2001ರಲ್ಲಿ ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯ ಅಮೆರಿಕಕ್ಕೆ ಮರಳಿತಾದರೂ, 591 ಮಾಜಿ ಕಾರ್ಮಿಕರ ಕುಟುಂಬಗಳು ಪರಿಹಾರದ ಇತ್ಯರ್ಥಕ್ಕಾಗಿ 2016ರವರೆಗೆ ಕಾಯಬೇಕಾಯಿತು. ಬಿಗಿ ನಿಯಮವಿಲ್ಲದ ಕಡೆಗೆ ವಿಷ ತಾನಾಗಿ ಹರಿದು ಬರುತ್ತದೆ. ಅದನ್ನು ತಡೆಯುವ ಒಪ್ಪಂದ ಸಿರಿವಂತರಿಗಿಂತ ನಮಗೇ ಹೆಚ್ಚು ಬೇಕು.

ನಿಮ್ಮ ಯಂತ್ರವನ್ನು ಈ ಒಪ್ಪಂದ ಕಿತ್ತುಕೊಳ್ಳುವುದೂ ಇಲ್ಲ. ಅದು ನಿಲ್ಲಿಸುವುದು ಅಂಥ ಸಾಧನಗಳ ತಯಾರಿಕೆ, ಆಮದು, ರಫ್ತುಗಳನ್ನು. 2013ರಲ್ಲಿ ಅಂಗೀಕಾರವಾದ ಅದನ್ನು ಭಾರತ 2018ರಲ್ಲಿ ಅನುಮೋದಿಸಿದಾಗ, 2025ರವರೆಗೆ ಸಡಿಲಿಕೆ ಇಟ್ಟುಕೊಂಡೇ ಒಪ್ಪಿತು. ನಮ್ಮ ಸಿಟ್ಟಿರುವುದು ಅಲ್ಲಿ: ಕೇಳಿ ಪಡೆದ ಆ ಏಳು ವರ್ಷಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಒಳ್ಳೆಯ ಡಿಜಿಟಲ್ ಯಂತ್ರ, ಅವುಗಳ ಅಳತೆಯನ್ನು ಕಾಲಕಾಲಕ್ಕೆ ಪರೀಕ್ಷಿಸುವವರು, ಹಳೆಯವನ್ನು ಮರಳಿ ಪಡೆಯುವ ಕೇಂದ್ರ, ಇವೆಲ್ಲ ಎಲ್ಲರ ಕೈಗೆಟಕುವಂತೆ ಆಗಬೇಕಿತ್ತು. ವೈದ್ಯಕೀಯ ಕಾಲೇಜುಗಳಿಂದ ಹೆಸರಾದ ದಾವಣಗೆರೆಯಲ್ಲಿಯೂ ಕೆಟ್ಟ ಟ್ಯೂಬ್‌ಲೈಟ್‌ಗಳು ಕಸದ ಗಾಡಿ ಸೇರುವುದನ್ನು ನೋಡುತ್ತೇವೆ. ಅವು ಒಡೆದರೆ ಹೊರಬರುವ, ಕಣ್ಣಿಗೆ ಕಾಣದ ಪಾದರಸದ ಆವಿಯನ್ನು ಉಸಿರಾಡುವವರು ಪೌರಕಾರ್ಮಿಕರೇ ಹೊರತು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಪ್ಲಾಸ್ಟಿಕ್ಕಿಗೂ ಹಳೆಯ ಬ್ಯಾಟರಿಗೂ ಇದೇ ಗತಿ: ಕಾನೂನು ದೆಹಲಿಯಿಂದ ಹೊರಡುತ್ತದೆ, ತಾಲ್ಲೂಕಿಗೆ ಬರುವಷ್ಟರಲ್ಲಿ ಸುತ್ತೋಲೆಯಾಗಿ ಕಡತ ಸೇರುತ್ತದೆ.

ಕಲ್ಲಿದ್ದಲಿನ ಪ್ರಶ್ನೆ ಎತ್ತಿದ್ದು ಸರಿಯೇ. ಬಳ್ಳಾರಿ, ರಾಯಚೂರುಗಳ ವಿದ್ಯುತ್ ಸ್ಥಾವರಗಳು ಸುಡುವ ಕಲ್ಲಿದ್ದಲಿನಲ್ಲಿಯೂ ಪಾದರಸವಿದೆ, ಅದರ ಹೊಗೆಗೂ ಅಷ್ಟೇ ಬಿಗಿಯಾದ ಲೆಕ್ಕ ಬೇಕು. ಹಾಗೆಂದು ದವಾಖಾನೆಯ ನೆಲಕ್ಕೆ ಬಿದ್ದ ಪಾದರಸಕ್ಕೆ ವಿನಾಯಿತಿ ಸಿಗದು.

ಯಂತ್ರಗಳನ್ನು ಗುಜರಿಯವರಿಗೆ ಕೊಡಬೇಡಿ, ಬಿಚ್ಚಲೂಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೇಲೆ ‘ಪಾದರಸ’ ಎಂದು ಬರೆದು, ವಿಲೇವಾರಿಯ ದಾರಿ ಕೇಳಿ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಅರ್ಜಿಯ ಪ್ರತಿಯನ್ನೂ ಅವರ ಉತ್ತರವನ್ನೂ ನಮಗೆ ಕಳುಹಿಸಿ, ಎರಡನ್ನೂ ಪ್ರಕಟಿಸುತ್ತೇವೆ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅದನ್ನೂ ಪ್ರಕಟಿಸುತ್ತೇವೆ.

— ಸಂಪಾದಕ